ಡೆನ್ವರ್ ಬಿಟ್ಟುಹೋದವನಿಗೆ ಡೆನ್ವರೇ ಯಾಕೆ ಸಂಬಳ ಕೊಟ್ಟಿತು? ಎನ್‌ಎಫ್‌ಎಲ್ ಲೆಕ್ಕ ಯಾರಾದರೂ ಬಿಡಿಸಿ ಹೇಳಿ

ರಾತ್ರಿಪಾಳಿ, ಹಾಸನ

ಎಲ್ಲರಿಗೂ ನಮಸ್ಕಾರ. ಮೊದಲೇ ಹೇಳಿಬಿಡುತ್ತೇನೆ, ಇದು ನಮ್ಮ ಕಾಲ್ಚೆಂಡಿನ ಬಗ್ಗೆ ಅಲ್ಲ. ಅಮೆರಿಕದವರು ಹೆಲ್ಮೆಟ್ ಹಾಕಿಕೊಂಡು, ಚೆಂಡನ್ನು ಕಂಕುಳಲ್ಲಿ ಇಟ್ಟುಕೊಂಡು ಓಡುತ್ತಾರಲ್ಲ, ಆ ಫುಟ್‌ಬಾಲ್. ಅದರ ಲೀಗೇ ಎನ್‌ಎಫ್‌ಎಲ್. ಬೈಯಬೇಡಿ.

ನಾನು ಹಾಸನದಲ್ಲಿ ಮನೆಯಿಂದಲೇ ಕೆಲಸ ಮಾಡುವವನು. ನಮ್ಮ ಕ್ಲೈಂಟ್ ಇರುವುದು ಡೆನ್ವರ್‌ನಲ್ಲಿ. ಸಂಜೆ ಏಳೂವರೆಗೆ ಕಾಲ್ ಶುರುವಾದರೆ ಮೊದಲ ಹತ್ತು ನಿಮಿಷ ಅವರೂರಿನ ತಂಡ ಬ್ರಾಂಕೋಸ್ ಪುರಾಣವೇ. ನಾನು ಸುಮ್ನೆ ಮ್ಯೂಟ್‌ನಲ್ಲಿ ಕೂತಿರುತ್ತಿದ್ದೆ. ಕೇಳಿ ಕೇಳಿ ಈಗ ನನಗೂ ಅದರ ಹುಚ್ಚು ಹಿಡಿದಿದೆ. ಭಾನುವಾರ ರಾತ್ರಿ ಹತ್ತೂವರೆಗೆ ಮ್ಯಾಚ್ ಹಾಕಿಕೊಂಡು ಕೂತರೆ ಅಮ್ಮ ಎದ್ದು ಬಂದು ಲೈಟ್ ಆರಿಸಿ ಹೋಗುತ್ತಾರೆ.

ಆಟ ಒಂದು ಮಟ್ಟಿಗೆ ಅರ್ಥವಾಗಿದೆ. ದುಡ್ಡಿನ ವಿಷಯ ಮಾತ್ರ ತಲೆಗೆ ಹತ್ತುತ್ತಿಲ್ಲ. ಕ್ಲೈಂಟ್ ಕಡೆಯ ಒಬ್ಬರು, ಬ್ರಾಂಕೋಸ್‌ನ ಹಳೆಯ ಕ್ವಾರ್ಟರ್‌ಬ್ಯಾಕ್ (ಚೆಂಡು ಎಸೆದು ಆಟ ನಡೆಸುವವನು) ರಸೆಲ್ ವಿಲ್ಸನ್ ಹೆಸರು ಬಂದರೆ ಸಾಕು, ಮುಖ ಗಂಟಿಕ್ಕುತ್ತಾರೆ. 2024ರಲ್ಲಿ ಅವನನ್ನು ಡೆನ್ವರ್ ತೆಗೆದುಹಾಕಿತು. ಅವನು ಪಿಟ್ಸ್‌ಬರ್ಗ್‌ಗೆ ಹೋಗಿ ಆಡಿದ. ಆದರೆ ಆ ವರ್ಷ ಅವನಿಗೆ ಪಿಟ್ಸ್‌ಬರ್ಗ್ ಕೊಟ್ಟಿದ್ದು 1.21 ಮಿಲಿಯನ್ ಡಾಲರ್, ಡೆನ್ವರ್ ಕೊಟ್ಟಿದ್ದು 37.79 ಮಿಲಿಯನ್! ಸಾಲದ್ದಕ್ಕೆ ಡೆನ್ವರ್ ಲೆಕ್ಕದಲ್ಲಿ ಒಟ್ಟು 85 ಮಿಲಿಯನ್ 'ಡೆಡ್ ಮನಿ' ಅಂತೆ. 37.79 ಎಲ್ಲಿ, 85 ಎಲ್ಲಿ?

ನಮ್ಮ ಐಪಿಎಲ್ ಎಷ್ಟು ಸಲೀಸು ನೋಡಿ. 2025ರ ಸೀಸನ್‌ಗೆ ಒಂದು ತಂಡಕ್ಕೆ 120 ಕೋಟಿ. ಲಖನೌ ರಿಷಭ್ ಪಂತ್‌ಗೆ 27 ಕೋಟಿ ಕೊಟ್ಟಿತು. ಉಳಿದದ್ದು 93 ಕೋಟಿ. ಮುಗೀತು. ಅಲ್ಲಿ ಸಂಬಳ ಬೇರೆಯಂತೆ, ಕ್ಯಾಪ್ ಹಿಟ್ ಬೇರೆಯಂತೆ, ಕೈಗೆ ಬರುವ ದುಡ್ಡು ಇನ್ನೂ ಬೇರೆಯಂತೆ. ಕ್ಯಾನ್ಸಸ್ ಸಿಟಿ ತಂಡದ ಕ್ವಾರ್ಟರ್‌ಬ್ಯಾಕ್ ಪ್ಯಾಟ್ರಿಕ್ ಮಹೋಮ್ಸ್ ಹತ್ತು ವರ್ಷಕ್ಕೆ 450 ಮಿಲಿಯನ್‌ಗೆ ಸಹಿ ಹಾಕಿದ್ದಾನೆ ಅನ್ನುತ್ತಾರೆ, ಅದು ನಿಜವಾದ ದುಡ್ಡಾ ಅಥವಾ ಪೇಪರ್ ಮೇಲಿನ ದುಡ್ಡಾ? ತಿಳಿದವರು ಕನ್ನಡದಲ್ಲಿ ಬಿಡಿಸಿ ಹೇಳಿದರೆ ಉಪಕಾರ. ಇಂಗ್ಲಿಷಿನಲ್ಲಿ ಓದಿ ಸಾಕಾಗಿದೆ.

ಕಡೂರು ಜಂಕ್ಷನ್

ಕೆಲಸದಿಂದ ತೆಗೆದ ಮೇಲೂ ಸಂಬಳ ಕೊಡುವ ಕಂಪನಿ ಎಲ್ಲಿದೆ ಅಂತ ಮೊದಲು ಹೇಳಿ ಬ್ರೋ. ಅರ್ಜಿ ನಾಳೆಯೇ ಹಾಕುತ್ತೇನೆ. ಲೆಕ್ಕ ಆಮೇಲೆ ನೋಡೋಣ.

(ಮೂಡಿಗೆರೆ ಲೆಕ್ಕಿಗರು ಇಲ್ಲೇ ಎಲ್ಲೋ ಇದ್ದಾರೆ. ಅವರನ್ನು ಕರೆಯಿರಿ, ಇದು ಅವರ ಖಾತೆ.)

ಮೂಡಿಗೆರೆ ಲೆಕ್ಕಿಗ, ಚಿಕ್ಕಮಗಳೂರು

ಕರೆದಿದ್ದೀರಿ, ಬಂದಿದ್ದೇನೆ. ಉದ್ದ ಆಗುತ್ತದೆ, ಕಾಫಿ ಮಾಡಿಕೊಂಡು ಕೂತುಕೊಳ್ಳಿ.

ನನ್ನ ಪರಿಚಯ ಇಷ್ಟು. ಹತ್ತಾರು ತೋಟಗಳ ಲೆಕ್ಕ ಬರೆಯುವುದು ನನ್ನ ಕಸುಬು. ಮಗ ಓದಿದ್ದು ಕ್ಲೀವ್‌ಲ್ಯಾಂಡ್‌ನಲ್ಲಿ. ಅವನನ್ನು ನೋಡಲು ಹೋದಾಗ ಹಿಡಿಸಿದ ಚಟ ಇದು, ಹಾಗಾಗಿ ನಾನು ಆ ಊರಿನ ತಂಡ ಬ್ರೌನ್ಸ್ ಕಡೆಯವನು. ಕರ್ಮ, ಏನು ಮಾಡುವುದು. ಆಟದಲ್ಲಿ ಸಂತೋಷ ಸಿಗದ ಕಾರಣ ಅವರ ಖಾತೆಪುಸ್ತಕ ಓದಲು ಶುರು ಮಾಡಿದೆ ಅನ್ನಬಹುದು.

ತಮ್ಮಾ, ನೀನು ಕೇಳಿದ್ದು ಒಂದೇ ಪ್ರಶ್ನೆ ಅಂತ ತಿಳಿದುಕೋ. ದುಡ್ಡು ಕೈ ಬಿಡುವ ದಿನ ಬೇರೆ, ಅದನ್ನು ಪುಸ್ತಕದಲ್ಲಿ ಬರೆಯುವ ದಿನ ಬೇರೆ. ಇಷ್ಟು ಹಿಡಿದುಕೊಂಡರೆ ಉಳಿದದ್ದೆಲ್ಲ ಕೂಡುವುದು ಕಳೆಯುವುದು ಅಷ್ಟೇ.

ಕ್ಯಾಪ್ ಅಂದರೆ ಒಂದು ವರ್ಷದಲ್ಲಿ ಒಂದು ತಂಡ ಆಟಗಾರರ ಬಾಬ್ತಿನಲ್ಲಿ ಬರೆಯಬಹುದಾದ ಗರಿಷ್ಠ ಮೊತ್ತ. 32 ತಂಡಗಳಿಗೂ ಒಂದೇ. ಲೀಗಿನ ಆದಾಯದಲ್ಲಿ ಆಟಗಾರರ ಪಾಲು ಇಷ್ಟು ಅಂತ ಒಪ್ಪಂದ ಇದೆ, ಅದರಿಂದ ಹುಟ್ಟುವ ಅಂಕಿ ಅದು. 1994ರಲ್ಲಿ ಶುರುವಾದಾಗ 34.6 ಮಿಲಿಯನ್ ಡಾಲರ್ ಇತ್ತು. 2024ರಲ್ಲಿ 255.4 ಮಿಲಿಯನ್. ನಮ್ಮ ದುಡ್ಡಿನಲ್ಲಿ ಎರಡು ಸಾವಿರ ಕೋಟಿ ದಾಟುತ್ತದೆ. ಇದರಲ್ಲಿ ಒಬ್ಬ ಆಟಗಾರನ ಹೆಸರಿನ ಮುಂದೆ ಆ ವರ್ಷ ಬರೆಯುವ ಮೊತ್ತವೇ ಅವನ ಕ್ಯಾಪ್ ಹಿಟ್.

ಇನ್ನು ಸಂಬಳ. ಮುಖ್ಯವಾಗಿ ಎರಡು ತುಂಡು. ಒಂದು ಬೇಸ್ ಸ್ಯಾಲರಿ. ಸೀಸನ್ ಶುರುವಾದ ಮೇಲೆ ಕಂತಿನಲ್ಲಿ ಸಿಗುವುದು. ಇದನ್ನು ಆಯಾ ವರ್ಷದ ಲೆಕ್ಕಕ್ಕೆ ಪೂರ್ತಿ ಬರೆಯುತ್ತಾರೆ. ಆದರೆ ಗ್ಯಾರಂಟಿ ಅಂತ ಕಾಂಟ್ರಾಕ್ಟ್‌ನಲ್ಲಿ ಬರೆದಿಲ್ಲದಿದ್ದರೆ, ತಂಡ ನಾಳೆ ಬೆಳಗ್ಗೆ ಹೊರಗೆ ಹಾಕಿದರೂ ಕೇಳುವವರಿಲ್ಲ. 'ನಾಲ್ಕು ವರ್ಷಕ್ಕೆ 100 ಮಿಲಿಯನ್' ಅಂತ ಸುದ್ದಿ ಬರುತ್ತದಲ್ಲ, ಅದರಲ್ಲಿ ಕೊನೆಯ ಎರಡು ವರ್ಷದ್ದು ಎಷ್ಟೋ ಸಲ ಏಜೆಂಟರ ಮೀಸೆ ತಿರುವಲು ಬರೆದ ಅಂಕಿ. ಯಾರ ಕೈಗೂ ಬರುವುದಿಲ್ಲ.

ಎರಡನೆಯದು ಸೈನಿಂಗ್ ಬೋನಸ್. ಸಹಿ ಹಾಕಿದ್ದಕ್ಕೆ ಕೊಡುವ ಗಂಟು. ಇದು ಆಟಗಾರನ ಕೈಗೆ ಬೇಗ ಬರುತ್ತದೆ, ಆದರೆ ಪುಸ್ತಕದಲ್ಲಿ ಕಾಂಟ್ರಾಕ್ಟ್‌ನ ವರ್ಷಗಳಿಗೆ ಸಮನಾಗಿ ಹಂಚಿ ಬರೆಯುತ್ತಾರೆ. ಹೆಚ್ಚೆಂದರೆ ಐದು ವರ್ಷ. ಕಾಂಟ್ರಾಕ್ಟ್ ಹತ್ತು ವರ್ಷದ್ದಾದರೂ ಹಂಚುವುದು ಐದಕ್ಕೇ.

ನಮ್ಮ ಕಡೆ ತೋಟ ಗುತ್ತಿಗೆ ಹಿಡಿಯುವುದನ್ನು ನೆನಪಿಸಿಕೋ. ಐದು ವರ್ಷಕ್ಕೆ ಅಂತ 50 ಲಕ್ಷ ಒಟ್ಟಿಗೆ ಕೊಟ್ಟು ಹಿಡಿದಿದ್ದೀಯ. ದುಡ್ಡು ಇವತ್ತೇ ಹೋಯಿತು. ಆದರೆ ನನ್ನಂಥವನು ಲೆಕ್ಕ ಬರೆಯುವಾಗ ವರ್ಷಕ್ಕೆ ಹತ್ತು ಹತ್ತು ಲಕ್ಷ ಖರ್ಚು ತೋರಿಸುತ್ತಾನೆ. ಎರಡು ಫಸಲು ತೆಗೆದ ಮೇಲೆ ಬೇಡ ಅಂತ ತೋಟ ಬಿಟ್ಟರೆ? ಉಳಿದ 30 ಲಕ್ಷ ಎಲ್ಲಿಗೂ ಓಡಿಹೋಗುವುದಿಲ್ಲ, ಆ ವರ್ಷದ ಖರ್ಚಿಗೇ ಬಂದು ಬೀಳುತ್ತದೆ. ಡೆಡ್ ಮನಿ ಅಂದರೆ ಇದೇ. ತೋಟ ಕೈಯಲ್ಲಿಲ್ಲ, ಖರ್ಚು ಮಾತ್ರ ಪುಸ್ತಕದಲ್ಲಿ.

ಈಗ ವಿಲ್ಸನ್ ಖಾತೆ ತೆಗೆಯೋಣ. ನಿಧಾನ ಓದು.

2022ರ ಮಾರ್ಚ್‌ನಲ್ಲಿ ಸಿಯಾಟಲ್‌ನಿಂದ ಡೆನ್ವರ್‌ಗೆ ಬಂದ. ಸೆಪ್ಟೆಂಬರ್‌ನಲ್ಲಿ, ಡೆನ್ವರ್ ಪರವಾಗಿ ಒಂದು ಮ್ಯಾಚ್ ಆಡುವ ಮೊದಲೇ, ಹಳೆಯ ಕಾಂಟ್ರಾಕ್ಟ್‌ಗೆ ಇನ್ನೂ ಐದು ವರ್ಷ ಸೇರಿಸಿ 2028ರವರೆಗೆ ವಿಸ್ತರಿಸಿದರು. ಸೈನಿಂಗ್ ಬೋನಸ್ 50 ಮಿಲಿಯನ್. ಐದಕ್ಕೆ ಹಂಚಿದರೆ 2022ರಿಂದ 2026ರವರೆಗೆ ವರ್ಷಕ್ಕೆ 10. ಮುಂದಿನ ವರ್ಷ, 2023ರಲ್ಲಿ, ಆಪ್ಷನ್ ಬೋನಸ್ ಅಂತ ಇನ್ನೊಂದು 20 ಮಿಲಿಯನ್. ಹೆಸರು ಬೇರೆ, ಹಂಚುವ ರೀತಿ ಅದೇ. 2023ರಿಂದ 2027ರವರೆಗೆ ವರ್ಷಕ್ಕೆ 4.

ಎರಡು ಸೀಸನ್ ಆಡಿದ. ಅವನು ಶುರು ಮಾಡಿದ ಮ್ಯಾಚ್‌ಗಳಲ್ಲಿ 11 ಗೆಲುವು, 19 ಸೋಲು. ಅಷ್ಟು ಹೊತ್ತಿಗೆ ಸೈನಿಂಗ್ ಬೋನಸ್‌ನಲ್ಲಿ 20 ಬರೆದು ಮುಗಿದಿತ್ತು, ಬಾಕಿ 30. ಆಪ್ಷನ್ ಬೋನಸ್‌ನಲ್ಲಿ 4 ಬರೆದಾಗಿತ್ತು, ಬಾಕಿ 16. ಎರಡೂ ಸೇರಿ 46. ಇದೆಲ್ಲ ಯಾವತ್ತೋ ಕೊಟ್ಟ ದುಡ್ಡು, ಪುಸ್ತಕಕ್ಕೆ ಇನ್ನೂ ಹತ್ತಿಲ್ಲ ಅಷ್ಟೇ. ಇದರ ಮೇಲೆ 2024ಕ್ಕೆ ಗ್ಯಾರಂಟಿ ಅಂತ ಬರೆದುಕೊಟ್ಟಿದ್ದು 39 ಮಿಲಿಯನ್. ಅದು ಆಡಿಸಿದರೂ ಕೊಡಬೇಕು, ಬಿಟ್ಟರೂ ಕೊಡಬೇಕು. 46ಕ್ಕೆ 39 ಸೇರಿಸು. 85. ನಿನ್ನ ಕ್ಲೈಂಟ್ ಮುಖ ಗಂಟಿಕ್ಕುವ ಅಂಕಿ ಸಿಕ್ಕಿತಾ?

ಹಾಗಾದರೆ 37.79 ಎಲ್ಲಿಂದ ಬಂತು? ಅವನ ಗ್ಯಾರಂಟಿಯಲ್ಲಿ 'ಆಫ್‌ಸೆಟ್' ಅಂತ ಒಂದು ಷರತ್ತು ಇತ್ತು. ಬೇರೆ ತಂಡ ಎಷ್ಟು ಕೊಡುತ್ತದೋ ಅಷ್ಟನ್ನು ಡೆನ್ವರ್ ಕಡಿಮೆ ಕೊಟ್ಟರೆ ಸಾಕು. ಈಗ ನೀನೇ ವಿಲ್ಸನ್ ಆಗಿ ಯೋಚಿಸು. ಪಿಟ್ಸ್‌ಬರ್ಗ್ 1 ಕೊಟ್ಟರೂ 10 ಕೊಟ್ಟರೂ ನಿನ್ನ ಕೈಗೆ ಬರುವುದು 39 ಮಾತ್ರ. ಜಾಸ್ತಿ ಕೇಳಿದರೆ ಲಾಭ ನಿನ್ನನ್ನು ಓಡಿಸಿದ ಡೆನ್ವರ್‌ಗೆ! ಯಾರು ಕೇಳುತ್ತಾರೆ? ಅನುಭವಿ ಆಟಗಾರನಿಗೆ ಆ ವರ್ಷ ಇದ್ದ ಕನಿಷ್ಠ ಸಂಬಳ 1.21 ಮಿಲಿಯನ್, ಅದಕ್ಕೇ ಸಹಿ ಹಾಕಿದ. 39ರಲ್ಲಿ 1.21 ಕಳೆ. ಪಿಟ್ಸ್‌ಬರ್ಗ್‌ನವರಿಗೆ ಹಬ್ಬ.

ಇದರಲ್ಲಿ ನನಗೆ ತುಂಬ ಹಿಡಿಸುವ ಭಾಗ ಇನ್ನೊಂದಿದೆ. 2023ರ ಸೀಸನ್‌ನಲ್ಲಿ ಕೊನೆಯ ಎರಡು ಮ್ಯಾಚ್ ಇರುವಾಗ ವಿಲ್ಸನ್‌ನನ್ನು ಬೆಂಚಿನಲ್ಲಿ ಕೂರಿಸಿದರು. ಆಟ ಕೆಟ್ಟದಾಗಿತ್ತು ಅಂತಲಾ? ಅದೊಂದೇ ಅಲ್ಲ. 2025ರ 37 ಮಿಲಿಯನ್‌ಗೆ ಗಾಯದ ಗ್ಯಾರಂಟಿ ಇತ್ತು. ಆಡುವಾಗ ದೊಡ್ಡ ಪೆಟ್ಟು ಬಿದ್ದು ಮಾರ್ಚ್ ಹೊತ್ತಿಗೆ ವೈದ್ಯರ ಪರೀಕ್ಷೆ ಪಾಸಾಗದಿದ್ದರೆ ಆ 37 ಕೂಡ ತಂಡದ ಕುತ್ತಿಗೆಗೆ. ಆ ಷರತ್ತನ್ನು ಮುಂದಕ್ಕೆ ಹಾಕಿಕೊಡು ಅಂತ ತಂಡ ಕೇಳಿತ್ತು ಎಂದು ವಿಲ್ಸನ್ ಬಹಿರಂಗವಾಗಿಯೇ ಹೇಳಿದ್ದಾನೆ. ನೋಡು, ಒಬ್ಬ ಕ್ವಾರ್ಟರ್‌ಬ್ಯಾಕ್ ಮೈದಾನಕ್ಕೆ ಇಳಿಯಬೇಕೋ ಬೇಡವೋ ಅನ್ನುವುದನ್ನು ಕಾಂಟ್ರಾಕ್ಟ್‌ನ ಒಂದು ಸಾಲು ತೀರ್ಮಾನಿಸಬಹುದು.

85ನ್ನು ಒಂದೇ ವರ್ಷಕ್ಕೆ ಬರೆದರೆ ತಂಡ ಸತ್ತೇಹೋಗುತ್ತದೆ. ಅದಕ್ಕೊಂದು ಕಿಂಡಿ ಇದೆ, ಜೂನ್ 1ರ ನಿಯಮ. ಜೂನ್ 1 ಆದ ಮೇಲೆ ಬಿಟ್ಟರೆ ಆ ವರ್ಷದ ಪಾಲು ಮಾತ್ರ ಆ ವರ್ಷಕ್ಕೆ, ಉಳಿದ ಬೋನಸ್ ಬಾಕಿ ಮುಂದಿನ ವರ್ಷಕ್ಕೆ. ಮಾರ್ಚ್‌ನಲ್ಲೇ ಬಿಟ್ಟರೂ ವರ್ಷಕ್ಕೆ ಇಬ್ಬರನ್ನು 'ಜೂನ್ 1ರ ನಂತರ ಬಿಟ್ಟ ಹಾಗೆ' ಅಂತ ಗುರುತು ಮಾಡಲು ಬಿಡುತ್ತಾರೆ. ಡೆನ್ವರ್ ಅದನ್ನೇ ಮಾಡಿತು. 2024ಕ್ಕೆ 10, 4, ಮತ್ತೆ ಗ್ಯಾರಂಟಿ 39, ಒಟ್ಟು 53. ಉಳಿದ 32, 2025ಕ್ಕೆ. 255.4ರಲ್ಲಿ 53 ಅಂದರೆ ಐದರಲ್ಲೊಂದು ಪಾಲು, ತಂಡದಲ್ಲೇ ಇಲ್ಲದ ಒಬ್ಬನಿಗೆ!

ಆದರೂ ಆ ವರ್ಷ ಡೆನ್ವರ್ 10 ಗೆದ್ದು 7 ಸೋತು ಪ್ಲೇಆಫ್‌ಗೆ ಹೋಯಿತು. ಹೇಗೆ? ಬೋ ನಿಕ್ಸ್. ಡ್ರಾಫ್ಟ್‌ನಲ್ಲಿ (ಕಾಲೇಜು ಆಟಗಾರರನ್ನು ತಂಡಗಳು ಸರದಿಯಂತೆ ಆರಿಸಿಕೊಳ್ಳುವುದು) ಬಂದ ಹೊಸ ಹುಡುಗ, ನಾಲ್ಕು ವರ್ಷಕ್ಕೆ ಒಟ್ಟು 19 ಮಿಲಿಯನ್ ಕೂಡ ಇಲ್ಲ. ಹೊಸಬರ ಸಂಬಳಕ್ಕೆ 2011ರಿಂದ ದರಪಟ್ಟಿ ಇದೆ. ಅದಕ್ಕೆ ಮೊದಲು ಹೇಗಿತ್ತು ಅಂದರೆ, 2010ರಲ್ಲಿ ಮೊದಲನೆಯವನಾಗಿ ಆಯ್ಕೆಯಾದ ಸ್ಯಾಮ್ ಬ್ರಾಡ್‌ಫರ್ಡ್‌ಗೆ ಆರು ವರ್ಷಕ್ಕೆ 78 ಮಿಲಿಯನ್, ಅದರಲ್ಲಿ 50 ಗ್ಯಾರಂಟಿ. ಮರುವರ್ಷ ಅದೇ ಜಾಗದಲ್ಲಿ ಬಂದ ಕ್ಯಾಮ್ ನ್ಯೂಟನ್‌ಗೆ ನಾಲ್ಕು ವರ್ಷಕ್ಕೆ 22. ಒಂದು ವರ್ಷ ತಡವಾಗಿ ಹುಟ್ಟಿದ್ದಕ್ಕೆ ದಂಡ ಅನ್ನಬೇಕು.

ಮಹೋಮ್ಸ್ ವಿಷಯ ಆಮೇಲೆ ಬರೆಯುತ್ತೇನೆ. ಕರೆಂಟ್ ಹೋಯಿತು, ಇನ್ವರ್ಟರ್ ಕಿರುಚುತ್ತಿದೆ.

ರಾತ್ರಿಪಾಳಿ, ಹಾಸನ

ಸರ್, ಕೈ ಮುಗಿದೆ. 46 + 39 ಅಂತ ಒಂದು ಚೀಟಿಯಲ್ಲಿ ಬರೆದು ಮಾನಿಟರ್‌ಗೆ ಅಂಟಿಸಿದ್ದೇನೆ. ಇವತ್ತಿನ ಕಾಲ್‌ನಲ್ಲಿ ಅನ್‌ಮ್ಯೂಟ್ ಮಾಡಿ ಹೇಳಿದೆ. ಆ ಕಡೆ ಒಂದು ನಿಮಿಷ ಯಾರೂ ಮಾತಾಡಲಿಲ್ಲ, ಆಮೇಲೆ ಒಬ್ಬರು 'ಇದನ್ನು ನೆನಪಿಸಬೇಕಿತ್ತಾ' ಅಂದರು.

ಒಂದು ಅನುಮಾನ. ಬಿಟ್ಟರೆ ಡೆಡ್ ಮನಿ ಸರಿ. ಬೇರೆ ತಂಡಕ್ಕೆ ಟ್ರೇಡ್ ಮಾಡಿದರೆ? ಕಾಂಟ್ರಾಕ್ಟ್ ಪೂರ್ತಿ ಆ ತಂಡಕ್ಕೆ ಹೋಗುವುದಿಲ್ವಾ?

ಬೇಲೂರು ಬ್ಲೂಸ್

ಲೆಕ್ಕಿಗರು ಬರುವವರೆಗೆ ನನ್ನದೊಂದು ಮಾತು. ನಾನು ಚೆಲ್ಸೀ ಅಭಿಮಾನಿ, 'ನಿಜವಾದ' ಫುಟ್‌ಬಾಲ್ ನೋಡುವವನು. ಈ ಹಂಚಿ ಬರೆಯುವ ಕಸರತ್ತು ನಮ್ಮವರಿಗೂ ಚೆನ್ನಾಗಿ ಗೊತ್ತು.

ಯುರೋಪಿನಲ್ಲಿ ಆಟಗಾರನನ್ನು ಕೊಳ್ಳುವಾಗ ಅವನ ಹಳೆಯ ಕ್ಲಬ್‌ಗೆ ಟ್ರಾನ್ಸ್‌ಫರ್ ಶುಲ್ಕ ಕೊಡುತ್ತಾರೆ. ಆ ಶುಲ್ಕವನ್ನು ಕಾಂಟ್ರಾಕ್ಟ್‌ನ ವರ್ಷಗಳಿಗೆ ಹಂಚಿ ಲೆಕ್ಕ ತೋರಿಸಬಹುದು. 2023ರ ಜನವರಿ ಕೊನೆಯಲ್ಲಿ ಚೆಲ್ಸೀ ಎಂಜೊ ಫರ್ನಾಂಡೆಸ್‌ನನ್ನು ಬೆನ್ಫಿಕಾದಿಂದ ತಂದಿತು. ಸುಮಾರು 107 ಮಿಲಿಯನ್ ಪೌಂಡ್. ಕಾಂಟ್ರಾಕ್ಟ್ ಎಂಟೂವರೆ ವರ್ಷದ್ದು, 2031ರವರೆಗೆ. ಹಂಚಿದರೆ ವರ್ಷಕ್ಕೆ ಹನ್ನೆರಡೂವರೆ ಚಿಲ್ಲರೆ. ಐದು ವರ್ಷದ ಕಾಂಟ್ರಾಕ್ಟ್ ಆಗಿದ್ದರೆ ವರ್ಷಕ್ಕೆ 21 ದಾಟುತ್ತಿತ್ತು. ಅದು ಗೊತ್ತಾದ ಕೂಡಲೇ ಯುರೋಪಿನ ಫುಟ್‌ಬಾಲ್ ಆಡಳಿತ ಸಂಸ್ಥೆ ಯುಇಎಫ್ಎ ಹಂಚುವುದಕ್ಕೆ ಐದು ವರ್ಷದ ಮಿತಿ ಹಾಕಿತು. ಅದೇ ವರ್ಷ ಡಿಸೆಂಬರ್‌ನಲ್ಲಿ ಪ್ರೀಮಿಯರ್ ಲೀಗ್ ಕೂಡ ಹಾಕಿತು. ಹಳೆಯ ಕಾಂಟ್ರಾಕ್ಟ್‌ಗಳಿಗೆ ಅನ್ವಯ ಇಲ್ಲ, ಹಾಗಾಗಿ ನಮ್ಮ ಎಂಜೊ ಬಚಾವ್.

ಆದರೆ ಒಂದು ದೊಡ್ಡ ವ್ಯತ್ಯಾಸ ಇದೆ. ನಮ್ಮಲ್ಲಿ ಸಂಬಳ ಗ್ಯಾರಂಟಿ. ಫಾರ್ಮ್ ಹೋಯಿತು ಅಂತ ಕ್ಲಬ್ ಎಸೆಯುವ ಹಾಗಿಲ್ಲ. ಕಳಿಸಬೇಕಾದರೆ ಇನ್ನೊಂದು ಕ್ಲಬ್ ಕೊಳ್ಳಬೇಕು, ಇಲ್ಲ ಕುಳಿತು ಮಾತಾಡಿ ಲೆಕ್ಕ ಚುಕ್ತಾ ಮಾಡಬೇಕು. ಅಮೆರಿಕದವರದ್ದು ಕಟುಕರ ವ್ಯವಹಾರ ಅನ್ನಿಸಿತು ಓದಿ.

ಸಕಲೇಶಪುರ ಘಾಟಿ

ಇದೆಲ್ಲ ಓದಿದ ಮೇಲೆ ನನಗೆ ಅನ್ನಿಸುವುದು, ಕ್ಯಾಪ್ ಅನ್ನುವುದೇ ಒಂದು ನಾಟಕ. ಹಂಚು, ಮುಂದಕ್ಕೆ ಹಾಕು, ಮತ್ತೆ ಹಂಚು. ದುಡ್ಡಿದ್ದವನು ಯಾರನ್ನು ಬೇಕಾದರೂ ಇಟ್ಟುಕೊಳ್ಳಬಹುದು ಅಲ್ವಾ? ಮತ್ತೆ ಮಿತಿ ಅಂತ ಯಾಕೆ ಹೇಳಬೇಕು?

ಮೂಡಿಗೆರೆ ಲೆಕ್ಕಿಗ, ಚಿಕ್ಕಮಗಳೂರು

ಒಂದೊಂದಾಗಿ ಬರುತ್ತೇನೆ.

ರಾತ್ರಿಪಾಳಿ, ಟ್ರೇಡ್ ಆದರೆ ಮುಂದಿನ ಬೇಸ್ ಸ್ಯಾಲರಿ ಹೊಸ ತಂಡಕ್ಕೆ ಹೋಗುತ್ತದೆ. ಆದರೆ ಆಗಲೇ ಕೊಟ್ಟ ಬೋನಸ್‌ನ ಬಾಕಿ ಕೊಟ್ಟವನ ಪುಸ್ತಕದಲ್ಲೇ ಉಳಿಯುತ್ತದೆ. ಕೊಟ್ಟವರು ಅವರು, ಬರೆಯಬೇಕಾದವರೂ ಅವರೇ. ಇದೇ ವಿಲ್ಸನ್‌ನನ್ನು ಡೆನ್ವರ್‌ಗೆ ಕಳಿಸಿದಾಗ ಸಿಯಾಟಲ್ ಲೆಕ್ಕಕ್ಕೆ 26 ಮಿಲಿಯನ್ ಡೆಡ್ ಮನಿ ಬಿತ್ತು. ಮಹಾನುಭಾವ ಹೋದ ಕಡೆಯೆಲ್ಲ ಗುರುತು ಬಿಟ್ಟು ಬಂದಿದ್ದಾನೆ.

ಘಾಟಿಯವರೇ, ನಾಟಕ ಅಂದಿರಿ. ಅರ್ಧ ಒಪ್ಪುತ್ತೇನೆ. ಆ ಕಸರತ್ತು ಹೇಗೆ ಅಂತ ಒಂದು ಸಲ ಕೈಯಲ್ಲಿ ಲೆಕ್ಕ ಹಾಕಿ ನೋಡಿ. ಒಬ್ಬನ ಬೇಸ್ ಸ್ಯಾಲರಿ ಈ ವರ್ಷ 21.21 ಮಿಲಿಯನ್ ಇದೆ ಅಂತ ಇಟ್ಟುಕೊಳ್ಳೋಣ. ಕಾಂಟ್ರಾಕ್ಟ್‌ನಲ್ಲಿ ಇದೂ ಸೇರಿ ಐದು ವರ್ಷ ಬಾಕಿ. ತಂಡ ಏನು ಮಾಡುತ್ತದೆ? ಕನಿಷ್ಠ ಸಂಬಳ 1.21 ಬಿಟ್ಟು ಉಳಿದ 20ನ್ನು ಬೋನಸ್ ಅಂತ ಹೆಸರು ಬದಲಿಸುತ್ತದೆ. ಬೋನಸ್ ಆದ ಮೇಲೆ ಐದಕ್ಕೆ ಹಂಚಬಹುದು, ವರ್ಷಕ್ಕೆ 4. ಈ ವರ್ಷದ ಕ್ಯಾಪ್ ಹಿಟ್ 21.21 ಇದ್ದದ್ದು 5.21ಕ್ಕೆ ಇಳಿಯಿತು. 16 ಮಿಲಿಯನ್ ಜಾಗ ಸಿಕ್ಕಿತು, ಇನ್ನೊಬ್ಬನನ್ನು ತರಬಹುದು. ಆಟಗಾರನಿಗೆ ಒಂದು ಪೈಸೆ ಕಡಿಮೆ ಆಗಲಿಲ್ಲ. ಬದಲಿಗೆ ಸೀಸನ್ ಪೂರ್ತಿ ಕಾಯಬೇಕಿದ್ದ ದುಡ್ಡು ಮೊದಲೇ ಕೈಗೆ ಬಂತು. ಇದನ್ನೇ ರೀಸ್ಟ್ರಕ್ಚರ್ ಅನ್ನುವುದು. 'ತಂಡಕ್ಕೋಸ್ಕರ ಸಂಬಳ ಕಡಿಮೆ ಮಾಡಿಕೊಂಡ' ಅಂತ ಅಭಿಮಾನಿಗಳು ಕಣ್ಣೀರು ಹಾಕುವುದನ್ನು ನೋಡಿದ್ದೇನೆ. ಕಡಿಮೆಯೂ ಇಲ್ಲ, ತ್ಯಾಗವೂ ಇಲ್ಲ. ಆ ಉಳಿದ 16 ಮುಂದಿನ ನಾಲ್ಕು ವರ್ಷಗಳ ತಲೆ ಮೇಲೆ ಕೂತಿದೆ.

ಹಂಚಲು ವರ್ಷ ಇಲ್ಲದಿದ್ದರೆ? ಸುಳ್ಳು ವರ್ಷ ಸೇರಿಸುತ್ತಾರೆ. ವಾಯ್ಡ್ ಇಯರ್ ಅನ್ನುತ್ತಾರೆ. ಎರಡು ವರ್ಷದ ಕಾಂಟ್ರಾಕ್ಟ್‌ಗೆ ಹಿಂದೆ ಮೂರು ವರ್ಷ ಅಂಟಿಸುವುದು. ಆ ಮೂರು ವರ್ಷ ಅವನು ಆಡುವುದಿಲ್ಲ ಅಂತ ಇಬ್ಬರಿಗೂ ಗೊತ್ತು, ಬೋನಸ್ ಐದಕ್ಕೆ ಹಂಚಲು ಮಾತ್ರ ಅವು ಬೇಕು. ಕಾಂಟ್ರಾಕ್ಟ್ ಮುಗಿದ ದಿನ ಬಾಕಿಯೆಲ್ಲ ಒಟ್ಟಿಗೆ ಬೀಳುತ್ತದೆ. ಟ್ಯಾಂಪಾ ಬೇ ತಂಡದ ಕ್ವಾರ್ಟರ್‌ಬ್ಯಾಕ್ ಟಾಮ್ ಬ್ರೇಡಿ 2023ರ ಫೆಬ್ರವರಿಯಲ್ಲಿ ಆಟ ಬಿಟ್ಟ. ಆ ವರ್ಷ ಟ್ಯಾಂಪಾ ಬೇ ಲೆಕ್ಕದಲ್ಲಿ ಅವನ ಹೆಸರಿನ ಮುಂದೆ 35.1 ಮಿಲಿಯನ್. ಮನುಷ್ಯ ಮನೆಯಲ್ಲಿದ್ದ. ಆದರೆ ಟ್ಯಾಂಪಾಗೆ ಮೊದಲ ವರ್ಷವೇ ಲೀಗಿನ ಫೈನಲ್ ಸೂಪರ್ ಬೌಲ್ ಗೆದ್ದುಕೊಟ್ಟಿದ್ದನಲ್ಲ, ಅವರ ಕಡೆಯವರು ಅದನ್ನು ನಷ್ಟ ಅನ್ನುವುದಿಲ್ಲ. ನಾನೂ ಅನ್ನುವುದಿಲ್ಲ.

ಹಾಗಾದರೆ ಮಿತಿ ಯಾಕೆ? ಮುಂದಕ್ಕೆ ಹಾಕಬಹುದು, ಮಾಯ ಮಾಡಲು ಆಗುವುದಿಲ್ಲ. ಕೊಟ್ಟ ಪ್ರತಿ ಡಾಲರ್ ಒಂದಲ್ಲ ಒಂದು ವರ್ಷ ಪುಸ್ತಕಕ್ಕೆ ಬರಲೇಬೇಕು. ತಂಡಗಳು ಧೈರ್ಯವಾಗಿ ಮುಂದಕ್ಕೆ ತಳ್ಳುವುದು ಕ್ಯಾಪ್ ವರ್ಷವರ್ಷ ಏರುತ್ತದೆ ಅನ್ನುವ ನಂಬಿಕೆಯಿಂದ. 2023ರಲ್ಲಿ 224.8 ಇತ್ತು, ಮರುವರ್ಷ 255.4, ಅದರ ಮರುವರ್ಷ 279.2. ಇವತ್ತಿನ 10 ಮಿಲಿಯನ್ ಮೂರು ವರ್ಷದ ನಂತರ ಹಗುರವಾಗಿ ಕಾಣುತ್ತದೆ. ಆದರೆ ಕೊರೋನಾ ಬಂತಲ್ಲ, ಸ್ಟೇಡಿಯಂ ಖಾಲಿ ಹೊಡೆದವು, 2020ರ 198.2 ಇದ್ದದ್ದು 2021ಕ್ಕೆ 182.5ಕ್ಕೆ ಬಿತ್ತು. ಮುಂದಕ್ಕೆ ತಳ್ಳಿ ಕೂತವರ ಗತಿ ಆಗ ನೋಡಬೇಕಿತ್ತು. ಒಳ್ಳೊಳ್ಳೆ ಆಟಗಾರರನ್ನು ಜಾಗ ಇಲ್ಲ ಅಂತ ಬಿಟ್ಟರು.

ಇನ್ನೊಂದು ಕಥೆ ಇದೆ. 2010ರಲ್ಲಿ ಒಪ್ಪಂದದ ತಕರಾರಿನಿಂದ ಕ್ಯಾಪ್ ಇರಲೇ ಇಲ್ಲ. ಹೇಗೂ ಮಿತಿ ಇಲ್ಲ ಅಂತ ವಾಷಿಂಗ್ಟನ್ ಮತ್ತು ಡಲ್ಲಾಸ್ ತಮ್ಮ ದೊಡ್ಡ ಕಾಂಟ್ರಾಕ್ಟ್‌ಗಳ ಭಾರವನ್ನೆಲ್ಲ ಆ ವರ್ಷಕ್ಕೆ ಬರೆದುಕೊಂಡವು. ಬರೆದ ನಿಯಮ ಯಾವುದನ್ನೂ ಮುರಿದಿರಲಿಲ್ಲ. ಆದರೂ 2012ರಲ್ಲಿ ಲೀಗ್ ವಾಷಿಂಗ್ಟನ್ ಕ್ಯಾಪ್‌ನಲ್ಲಿ 36 ಮಿಲಿಯನ್, ಡಲ್ಲಾಸ್‌ನದ್ದರಲ್ಲಿ 10 ಮಿಲಿಯನ್ ಕತ್ತರಿಸಿತು. ನಾಟಕವಾದರೆ ಇಷ್ಟು ಕೋಪ ಯಾಕೆ ಬರಬೇಕು ಹೇಳಿ. ನನ್ನ ಮಟ್ಟಿಗೆ ಅದು ಅನ್ಯಾಯ.

ಮಹೋಮ್ಸ್: 2020ರಲ್ಲಿ ಹತ್ತು ವರ್ಷದ ವಿಸ್ತರಣೆ, 2031ರವರೆಗೆ. 450 ಮಿಲಿಯನ್, ಎಲ್ಲ ಪ್ರೋತ್ಸಾಹಧನ ಸೇರಿದರೆ 503. ಪೇಪರ್ ದುಡ್ಡಲ್ಲ, ಅವನ ಗ್ಯಾರಂಟಿಗಳು ಒಂದೊಂದು ವರ್ಷ ಮುಂಚಿತವಾಗಿ ಗಟ್ಟಿಯಾಗುತ್ತಾ ಹೋಗುತ್ತವೆ. ಕ್ಯಾನ್ಸಸ್ ಸಿಟಿಗೆ ಏನು ಲಾಭ ಅಂದರೆ ಉದ್ದ. ಹಂಚಬೇಕು ಅನ್ನಿಸಿದಾಗೆಲ್ಲ ಮುಂದೆ ವರ್ಷಗಳು ರೆಡಿ ಇವೆ, ಸುಳ್ಳು ವರ್ಷ ಅಂಟಿಸಬೇಕಾಗಿಲ್ಲ.

ಪ್ರೋತ್ಸಾಹಧನ ಅಂದೆನಲ್ಲ, ಅದರಲ್ಲೂ ಒಂದು ತಮಾಷೆ ಇದೆ. ಕಳೆದ ವರ್ಷ 60 ಕ್ಯಾಚ್ ಹಿಡಿದವನಿಗೆ 'ಈ ವರ್ಷ 50 ಹಿಡಿದರೆ ಇಷ್ಟು' ಅಂದರೆ ಅದು ಸಿಗುವ ಸಾಧ್ಯತೆ ಇರುವುದು, ಈ ವರ್ಷದ ಕ್ಯಾಪ್‌ಗೆ ಈಗಲೇ ಬರೆಯಬೇಕು. '80 ಹಿಡಿದರೆ' ಅಂದರೆ ಸಾಧ್ಯತೆ ಇಲ್ಲದ್ದು, ಈಗ ಬರೆಯಬೇಕಾಗಿಲ್ಲ. ಹಿಡಿದುಬಿಟ್ಟರೆ ಮುಂದಿನ ವರ್ಷದ ಲೆಕ್ಕಕ್ಕೆ.

ಬ್ಲೂಸ್, ಕಟುಕರ ವ್ಯವಹಾರ ಅಂದದ್ದು ನಿಜ. ಅದಕ್ಕೇ ಅಲ್ಲಿ ಆಟಗಾರರು ಬೇಸ್ ಬಿಟ್ಟು ಬೋನಸ್ ಹಿಂದೆ ಬೀಳುವುದು. ಮಂಡಿ ಹೋದರೆ ಉಳಿಯುವುದು ಅದೊಂದೇ. ಪೂರ್ತಿ ಗ್ಯಾರಂಟಿ ಸಿಕ್ಕವರು ಕಡಿಮೆ. 2018ರಲ್ಲಿ ಕರ್ಕ್ ಕಸಿನ್ಸ್‌ಗೆ ಮಿನ್ನೆಸೋಟ ಮೂರು ವರ್ಷಕ್ಕೆ 84 ಮಿಲಿಯನ್ ಪೂರ್ತಿ ಗ್ಯಾರಂಟಿ ಕೊಟ್ಟಿತು. ಆಮೇಲೆ 2022ರಲ್ಲಿ ನಮ್ಮ ಬ್ರೌನ್ಸ್. ಡೆಶಾನ್ ವಾಟ್ಸನ್‌ಗೆ ಐದು ವರ್ಷ, 230 ಮಿಲಿಯನ್, ಅಷ್ಟೂ ಗ್ಯಾರಂಟಿ. ನಡತೆ ನಿಯಮದಡಿ ಅವನಿಗೆ ಆ ವರ್ಷ 11 ಮ್ಯಾಚ್ ನಿಷೇಧ ಆಯಿತು. ನಿಷೇಧವಾದರೆ ಬೇಸ್ ಸ್ಯಾಲರಿಯಲ್ಲಿ ಅಷ್ಟು ವಾರದ್ದು ಕತ್ತರಿ. ಆದರೆ ಮೊದಲ ವರ್ಷದ ಬೇಸ್ ಇಟ್ಟಿದ್ದು ಕೇವಲ 1.035 ಮಿಲಿಯನ್! ಸೀಸನ್‌ನ 18 ವಾರದಲ್ಲಿ 11 ವಾರದ ಪಾಲು ಲೆಕ್ಕ ಹಾಕಿ, ಆರೂಕಾಲು ಲಕ್ಷ ಡಾಲರ್ ಚಿಲ್ಲರೆ ಹೋಯಿತು. ಪ್ರತ್ಯೇಕವಾಗಿ 5 ಮಿಲಿಯನ್ ದಂಡ ಹಾಕಿದರು, ಅದು ಬೇರೆ ಮಾತು. ಆ ಕಾಂಟ್ರಾಕ್ಟ್ ಬಗ್ಗೆ ಇನ್ನು ಹೆಚ್ಚು ಬರೆದರೆ ನನಗೆ ರಾತ್ರಿ ನಿದ್ದೆ ಬರುವುದಿಲ್ಲ.

ಕಡೂರು ಜಂಕ್ಷನ್

ಅಣ್ಣಾ, ಕೊನೇದು. ಬೋನಸ್ ಗಂಟು ಜೇಬಿಗೆ ಹಾಕಿಕೊಂಡು ಮರುವರ್ಷವೇ 'ನಾನು ರಿಟೈರ್' ಅಂದರೆ? ದುಡ್ಡೂ ಉಳಿಯಿತು, ಮೈಯೂ ಉಳಿಯಿತು.

ಮೂಡಿಗೆರೆ ಲೆಕ್ಕಿಗ, ಚಿಕ್ಕಮಗಳೂರು

ನಿನ್ನ ತಲೆ ಆ ಕಡೆಗೇ ಓಡುತ್ತದಲ್ಲ ಮಾರಾಯ.

ಬಾಕಿ ವರ್ಷಗಳ ಪಾಲನ್ನು ವಾಪಸ್ ಕೇಳುವ ಹಕ್ಕು ತಂಡಕ್ಕೆ ಇದೆ. ಬ್ಯಾರಿ ಸ್ಯಾಂಡರ್ಸ್ 1997ರಲ್ಲಿ 11 ಮಿಲಿಯನ್ ಬೋನಸ್ ತೆಗೆದುಕೊಂಡು 1999ರಲ್ಲಿ ಏಕಾಏಕಿ ಆಟ ಬಿಟ್ಟ. ಡೆಟ್ರಾಯ್ಟ್ 5.5 ಮಿಲಿಯನ್ ವಾಪಸ್ ಕೇಳಿತು, ಪಂಚಾಯ್ತಿ ಆಯಿತು, ತೀರ್ಪು ತಂಡದ ಕಡೆಗೇ ಬಂತು. ಅದೇ 2019ರಲ್ಲಿ ಆಂಡ್ರ್ಯೂ ಲಕ್ ಸೀಸನ್ ಶುರುವಾಗಲು ಎರಡು ವಾರ ಇರುವಾಗ, ಗಾಯದಿಂದ ಸಾಕಾಗಿ ಬಿಟ್ಟ. ಇಂಡಿಯಾನಾಪೊಲಿಸ್ 24.8 ಮಿಲಿಯನ್ ಕೇಳಬಹುದಿತ್ತು. ಕೇಳಲಿಲ್ಲ, ಇಟ್ಟುಕೋ ಅಂದಿತು.

ಆದರೆ ನಿನಗೆ ಬೋನಸ್ ಕೊಡುವವರು ಯಾರು ಅಂತ ಮೊದಲು ಹೇಳು.

ಕಡೂರು ಜಂಕ್ಷನ್

ಅದಕ್ಕೇ ಅರ್ಜಿ ಹಾಕುತ್ತೇನೆ ಅಂದಿದ್ದು ಅಣ್ಣಾ.